ಅಮ್ಮನ ಕಣ್ಣಿನ ರಾತ್ರಿ ಪ್ರೆಶರ್

ಮಾರ್ಚ್ 12, 2024, ಮಂಗಳವಾರ
ಮೈಸೂರು

ಇವತ್ತು ಅಮ್ಮನ ಗ್ಲಾಕೋಮಾ ಚೆಕಪ್ ಇತ್ತು. ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿಯ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ ಅದು. ಬೆಳಿಗ್ಗೆ 11ಕ್ಕೆ ಪ್ರೆಶರ್ ನೋಡಿದರು. ಎರಡೂ ಕಣ್ಣಲ್ಲಿ 15. ನನಗೆ ಸಮಾಧಾನವಾಯಿತು.

ಆಮೇಲೆ ಫೀಲ್ಡ್ ಟೆಸ್ಟ್, ಅಂದರೆ ಕಣ್ಣಿಗೆ ಸುತ್ತ ಎಲ್ಲೆಲ್ಲಿ ಕಾಣುತ್ತೆ ಅಂತ ನೋಡುವ ಪರೀಕ್ಷೆ. ಗಲ್ಲ ಊರಿ ಕೂತು, ಬೆಳಕಿನ ಚುಕ್ಕೆ ಕಂಡಾಗೆಲ್ಲ ಬಟನ್ ಒತ್ತಬೇಕು. ಬಾಗಿಲ ಹೊರಗೆ ಕೂತ ನನಗೆ ಆ ಟಕ್ ಟಕ್ ಕೇಳುತ್ತಿತ್ತು. ಎಡಗಣ್ಣಿನ ಸರದಿ ಬಂದಾಗ ಮಧ್ಯೆ ಮಧ್ಯೆ ತುಂಬ ಹೊತ್ತು ಸದ್ದೇ ಇಲ್ಲ. ರಿಪೋರ್ಟಿನಲ್ಲಿ ಮೂಗಿನ ಕಡೆಯ ಕಪ್ಪು, ಅಂದರೆ ಆ ಕಣ್ಣಿಗೆ ಕಾಣದ ಜಾಗ, ಹೋದ ಸಲಕ್ಕಿಂತ ಅಗಲವಾಗಿದೆ. ಆ ಜಾಗವನ್ನು ಬಲಗಣ್ಣು ನೋಡಿಕೊಳ್ಳುತ್ತೆ. ಹಾಗಾಗಿ ಅಮ್ಮನಿಗೆ ಗೊತ್ತೇ ಆಗಿಲ್ಲ.

ಪ್ರೆಶರ್ ಸರಿಯಿದ್ದೂ ಹೀಗೇಕೆ? ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿನ ಪ್ರೆಶರ್ ದಿನವಿಡೀ ಒಂದೇ ಸಮ ಇರಲ್ಲ. ಮಲಗಿದಾಗ ಏರುತ್ತೆ, ಎಷ್ಟೋ ಜನರಿಗೆ ರಾತ್ರಿಯೇ ಜಾಸ್ತಿ. ಅಮ್ಮ ಹಾಕಿಕೊಳ್ಳುವ ಟಿಮೊಲಾಲ್ ಡ್ರಾಪ್ಸ್ ಹಗಲಿನಷ್ಟು ರಾತ್ರಿ ಕೆಲಸ ಮಾಡಲ್ಲ. ನಾವು ನೋಡಿಸುವುದೋ ಮೂರು ತಿಂಗಳಿಗೊಮ್ಮೆ, ಕುರ್ಚಿಯಲ್ಲಿ ಕೂತಾಗ!

ಸಂಜೆಯೆಲ್ಲ ಅದನ್ನೇ ಓದಿದೆ. ಸ್ವಿಟ್ಜರ್ಲೆಂಡಿನ ಸೆನ್ಸಿಮೆಡ್ ಕಂಪನಿ ಮಾಡಿದ ಟ್ರಿಗರ್‌ಫಿಶ್ ಅಂತ ಒಂದು ಕಾಂಟ್ಯಾಕ್ಟ್ ಲೆನ್ಸ್. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ಮೆತ್ತನೆಯ ಸಿಲಿಕೋನ್, ಒಳಗೆ ತೆಳ್ಳನೆಯ ಸೆನ್ಸರ್. ಒತ್ತಡ ಬದಲಾದಾಗ ಕಣ್ಣಿನ ಮುಂಭಾಗ ಒಂಚೂರು ಹಿಗ್ಗಿ ಕುಗ್ಗುತ್ತಲ್ಲ, ಅದನ್ನು ಹಿಡಿಯುತ್ತೆ. ಕಣ್ಣಿನ ಸುತ್ತ ಅಂಟಿಸಿದ ಆಂಟೆನಾ, ಕೊರಳಲ್ಲಿ ಪುಟ್ಟ ರೆಕಾರ್ಡರ್. ಐದು ನಿಮಿಷಕ್ಕೊಮ್ಮೆ 30 ಸೆಕೆಂಡ್, 24 ಗಂಟೆಗೆ 288 ಸಲ. ನಿದ್ದೆಯಲ್ಲೂ! 15, 20 ಅಂತ ಅಂಕಿ ಮಾತ್ರ ಅದು ಕೊಡಲ್ಲ, ಏರಿಳಿತವನ್ನಷ್ಟೇ ತೋರಿಸುತ್ತೆ. ನನಗೆ ಅಷ್ಟೇ ಸಾಕು ಅನಿಸಿತು. ಒಮ್ಮೆ ಸತ್ತ ನರ ಮತ್ತೆ ಚಿಗುರಲ್ಲ. ಇಂಥದ್ದು ನಮ್ಮೂರಿನ ಸಾಮಾನ್ಯ ಚೆಕಪ್ಪಿಗೂ ಬರಬೇಕು, ಬೇಗ ಬರಬೇಕು.

ಸದ್ಯಕ್ಕೆ ಗುರುವಾರ ಇಡೀ ದಿನ ಬರಹೇಳಿದ್ದಾರೆ. ಬೆಳಿಗ್ಗೆ 7ರಿಂದ ಮೂರು ಗಂಟೆಗೊಮ್ಮೆ ನೋಡುತ್ತಾರಂತೆ.

ರಾತ್ರಿ ಡ್ರಾಪ್ಸ್ ಹಾಕಿದೆ. ಔಷಧಿ ಗಂಟಲಿಗೆ ಇಳಿಯದಿರಲಿ ಅಂತ ಅಮ್ಮ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆ ಬೆರಳಲ್ಲಿ ಒತ್ತಿ ಕೂತಿದ್ದಳು. ಲೆನ್ಸಿನ ವಿಷಯ ಹೇಳಿದೆ.

"ಗುರುವಾರ ಹಗಲೆಲ್ಲ ನೋಡ್ತಾರೆ ಸರಿ, ರಾತ್ರೀದು?" ಅಂದಳು.

ಡಾಕ್ಟರನ್ನು ಕೇಳುವ ಪ್ರಶ್ನೆಗಳಲ್ಲಿ ಅದನ್ನೇ ಮೊದಲು ಬರೆದಿಟ್ಟಿದ್ದೇನೆ.