23 ಚುಕ್ಕಿಗಳು

"ನಮ್ಮಪ್ಪ ನನ್ನ ಮೇಲೆ ಒಂದು ದಿನವೂ ಕೈ ಮಾಡಿದವರಲ್ಲ."

ಕೌನ್ಸೆಲರ್ ಮುಂದೆ ಕೂತ ದಿನ ನನ್ನ ಬಾಯಿಂದ ಬಂದ ಮೊದಲ ಮಾತು ಇದು. ಅವರು ಕೇಳಿದ್ದು ಅಪ್ಪನ ಬಗ್ಗೆ ಅಲ್ಲ. "ಇಲ್ಲಿಗೆ ಬರಬೇಕು ಅಂತ ಯಾಕೆ ಅನ್ನಿಸಿತು?" ಅಂತ ಮಾತ್ರ. ನಾನು ಹೇಳುತ್ತಲೇ ಹೋದೆ. ಹೊಡೆದಿಲ್ಲ, ಬೈದದ್ದೂ ಕಡಿಮೆ. ಫೀಸು ಕಟ್ಟುವುದು ಒಂದು ದಿನ ತಡವಾಗಿಲ್ಲ. ಹೊಟ್ಟೆಗೆ ಬಟ್ಟೆಗೆ ಕೊರತೆ ಮಾಡಿಲ್ಲ. ಅಂಥಾದ್ದೇನೂ ಆಗಿಲ್ಲ ಮೇಡಂ, ಆದರೂ...

ಆ "ಆದರೂ" ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ.

ಅಪ್ಪ ಮಾತು ಬಿಡುತ್ತಿದ್ದರು. ವಿಷಯ ಇಷ್ಟೇ. ಮಾರ್ಕ್ಸ್ ಕಡಿಮೆ ಬಂದರೆ, ಎದುರು ಮಾತಾಡಿದರೆ, ಕೆಲವು ಸಲ ಯಾಕೆ ಅಂತಲೇ ಗೊತ್ತಿಲ್ಲದೆ. ಕೂಗಾಟ ಇಲ್ಲ. ನಾನು ಕೋಣೆಗೆ ಬಂದರೆ ಅವರ ಕಣ್ಣು ನನ್ನ ಹಿಂದಿನ ಗೋಡೆಯ ಮೇಲೆ ಇರುತ್ತಿತ್ತು. ನಾನು ಎದುರಿಗೇ ನಿಂತಿದ್ದರೂ ಅಮ್ಮನಿಗೆ ಹೇಳುತ್ತಿದ್ದರು, "ಅವಳಿಗೆ ಹೇಳು, ಲೈಟು ಆರಿಸಲಿ." ಮನೆಗೆ ಯಾರಾದರೂ ಬಂದರೆ ಅವರ ಜೊತೆ ನಗುನಗುತ್ತಾ ಮಾತಾಡುತ್ತಿದ್ದರು. ಅವರು ಹೋದ ತಕ್ಷಣ ಮತ್ತೆ ಗೋಡೆ. "ಅವರ ಸ್ವಭಾವವೇ ಹಾಗೆ ಕಣೇ, ನೀನೇ ಹೋಗಿ ತಪ್ಪಾಯ್ತು ಅನ್ನು" ಅಂತ ಅಮ್ಮ ಹೇಳುತ್ತಿದ್ದಳು. ಎದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಚೀಟಿ ಬರೆದು ಬಾಗಿಲ ಕೆಳಗೆ ತೂರಿಸುತ್ತಿದ್ದೆ. "ಅಪ್ಪಾ, ತಪ್ಪಾಯ್ತು. ಇನ್ನು ಮಾಡಲ್ಲ." ಏನು ಮಾಡಲ್ಲ ಅಂತ ಎಷ್ಟೋ ಸಲ ನನಗೇ ಗೊತ್ತಿರುತ್ತಿರಲಿಲ್ಲ.

ನನಗೀಗ ನಲವತ್ತು ದಾಟಿದೆ. ಇದನ್ನೆಲ್ಲ ಒಂದು ತೊಂದರೆ ಅಂತ ನಾನು ಯಾವತ್ತೂ ಎಣಿಸಿರಲಿಲ್ಲ. ಬೇರೆಯವರ ಮೌನ ಮಾತ್ರ ನನಗೆ ತಡೆಯಲಾಗುತ್ತಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಉದ್ದದ ಮೆಸೇಜಿಗೆ ಬರೀ "ಸರಿ" ಅಂತ ಉತ್ತರ ಕೊಟ್ಟರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಗಂಡ ಸುಸ್ತಾಗಿ ಸುಮ್ನೆ ಕೂತರೂ ಎದೆ ಡವಡವ. "ನನ್ನ ಮೇಲೆ ಕೋಪಾನಾ?" ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ.

ಕೌನ್ಸೆಲಿಂಗಿಗೆ ಹೋಗುವಂತೆ ಮಾಡಿದ್ದು ಇದ್ಯಾವುದೂ ಅಲ್ಲ. ಒಂದು ಸಂಜೆ ಒಂಬತ್ತು ವರ್ಷದ ಮಗಳ ಮೇಲೆ ಸಿಟ್ಟು ಬಂತು. ಬೈಯಬಾರದು ಅಂತ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗಂಟೆ ಕಳೆಯಿತು. ಬಾಗಿಲ ಕೆಳಗಿಂದ ಒಂದು ಚೀಟಿ ಒಳಗೆ ಬಂತು. ನೋಟ್‌ಬುಕ್ಕಿನ ಹಾಳೆ, ಒಂದು ಅಂಚು ಹರಿದಿತ್ತು. "ಸಾರಿ ಅಮ್ಮ. ಇನ್ನು ಮಾಡಲ್ಲ."

ಚೀಟಿ ಬರೆಯುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ಆ ಕೂಡಲೇ ಬಾಗಿಲು ತೆಗೆದು ಅವಳನ್ನು ಅಪ್ಪಿಕೊಂಡೆ. ಮಾರನೇ ದಿನ ಕೌನ್ಸೆಲರ್‌ಗೆ ಮೆಸೇಜು ಕಳಿಸಿದೆ. ಅವರ ನಂಬರ್ ಮೂರು ತಿಂಗಳಿಂದ ಫೋನಿನಲ್ಲಿ ಹಾಗೇ ಇತ್ತು.

ಖಾಸಗಿ ಕೌನ್ಸೆಲಿಂಗ್ ಅಂದರೆ ಹೇಗಿರುತ್ತೋ ಅಂತ ಹೆದರಿ ತುಂಬಾ ಜನ ಹೋಗುವುದೇ ಇಲ್ಲ. ನನ್ನ ಮೊದಲ ಸೆಷನ್ 50 ನಿಮಿಷ ಇತ್ತು. ಶುರುವಿಗೆ ಒಂದು ಒಪ್ಪಿಗೆ ಪತ್ರ ಕೊಟ್ಟು, ಅದರಲ್ಲಿದ್ದದ್ದನ್ನು ಬಾಯಲ್ಲೂ ಬಿಡಿಸಿ ಹೇಳಿದರು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ. ನನ್ನ ಪ್ರಾಣಕ್ಕೋ ಇನ್ನೊಬ್ಬರ ಪ್ರಾಣಕ್ಕೋ ಅಪಾಯ ಅಂತ ಕಂಡರೆ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಹೇಳಲು ಇಷ್ಟವಿಲ್ಲದ್ದನ್ನು "ಇವತ್ತು ಬೇಡ" ಅನ್ನಬಹುದು. ಆ "ಇವತ್ತು ಬೇಡ" ಕೇಳಿಯೇ ನನಗೆ ಅರ್ಧ ಭಾರ ಇಳಿದಂತಾಯಿತು.

ಎರಡನೇ ಸೆಷನ್ನಿನಲ್ಲಿ ನನ್ನ ಗೆಳತಿಯ ಕಥೆ ಹೇಳಿದೆ. ಅವಳಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದರು. ಅವಳು ಅನುಭವಿಸಿದ್ದರ ಮುಂದೆ ನನ್ನದು ಯಾವ ಲೆಕ್ಕ, ಇಂಥದ್ದಕ್ಕೆಲ್ಲ ನಿಮ್ಮ ಸಮಯ ಹಾಳು ಮಾಡುತ್ತಿದ್ದೀನಿ ಅಂದೆ. ಅವರು ವಾದಕ್ಕೆ ಬರಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

"ತುಂಬಾ ಜಾಸ್ತಿ ಅಂದರೆ ಎಷ್ಟು ದಿನ ಮಾತು ಬಿಟ್ಟಿದ್ದರು?"

"ಇಪ್ಪತ್ಮೂರು" ಅಂದೆ, ಯೋಚನೆಯನ್ನೇ ಮಾಡದೆ.

"ಅಷ್ಟು ಸರಿಯಾಗಿ ಹೇಗೆ ನೆನಪಿದೆ?"

ಆಗ ಚುಕ್ಕಿಗಳು ನೆನಪಾದವು. ಗಣಿತದ ನೋಟ್‌ಬುಕ್ಕಿನ ಕೊನೇ ಪುಟ. ದಿನಾ ಮಲಗುವ ಮುಂಚೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಯಾರಾದರೂ ನೋಡಿದರೆ ಅಂತ ತುಂಬಾ ಸಣ್ಣದಾಗಿ. ಸಾಲಿಗೆ ಐದರಂತೆ ನಾಲ್ಕು ಸಾಲು, ಕೆಳಗೆ ಮೂರು. ಮಾರನೇ ದಿನ ಬೆಳಿಗ್ಗೆ ಅಪ್ಪ ಏನೂ ಆಗಿಲ್ಲದವರ ಹಾಗೆ "ನನ್ನ ಪೆನ್ನೆಲ್ಲಿ?" ಅಂದರು. ನನ್ನನ್ನು ನೋಡಿಯೇ ಕೇಳಿದ್ದು. ಓಡಿ ಹೋಗಿ ತಂದುಕೊಟ್ಟೆ. ನನಗಾದ ಖುಷಿ ಅಷ್ಟಿಷ್ಟಲ್ಲ. ಆ ಖುಷಿಯನ್ನು ಕೌನ್ಸೆಲರ್‌ಗೆ ಹೇಳುವಾಗ ಅಳು ಬಂತು. ಆ 23 ದಿನಕ್ಕೆ ಅಲ್ಲ. ಒಂದು ಪೆನ್ನು ಕೇಳಿದ್ದಕ್ಕೆ ಅಷ್ಟು ಖುಷಿಪಟ್ಟ ಆ ಹುಡುಗಿಗೆ.

ಸ್ವಲ್ಪ ಹೊತ್ತು ಬಿಟ್ಟು ಅವರು ಒಂದು ಪ್ರಯೋಗದ ಬಗ್ಗೆ ಹೇಳಿದರು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಮತ್ತು ಅವರ ಜೊತೆಯವರು 1978ರಲ್ಲಿ ಪ್ರಕಟಿಸಿದ್ದು. ಅಮ್ಮ ಮೊದಲು ಎಳೆ ಮಗುವಿನ ಜೊತೆ ಆಟವಾಡುತ್ತಾಳೆ. ಆಮೇಲೆ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಮಗುವನ್ನು ನೋಡುತ್ತಾ ಕೂರುತ್ತಾಳೆ. ಮಗು ನಗುತ್ತದೆ, ಅಮ್ಮನನ್ನು ಮತ್ತೆ ಆಟಕ್ಕೆ ಎಳೆಯಲು ನೋಡುತ್ತದೆ. ಏನು ಮಾಡಿದರೂ ಆಗದಿದ್ದಾಗ ಮುಖ ತಿರುಗಿಸಿ ಕುಗ್ಗಿ ಹೋಗುತ್ತದೆ. ಯಾರೂ ಆ ಮಗುವನ್ನು ಮುಟ್ಟಿಲ್ಲ, ಬೈದಿಲ್ಲ. ಕೆಲವೇ ನಿಮಿಷ, ಅಷ್ಟೇ.

ಮನೆಗೆ ಬಂದು ನಾನೇ ಇನ್ನಷ್ಟು ಓದಿದೆ. ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಎಂಬ ವೈದ್ಯರು 1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದ್ದರು. ಬಾಲ್ಯದಲ್ಲಿ ಕಂಡ ಕಷ್ಟದ ಬಗೆಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಹೃದಯದ ಕಾಯಿಲೆಯಂಥವೂ ಹೆಚ್ಚು ಕಂಡವು. 1998ರ ಮೊದಲ ಪ್ರಬಂಧದಲ್ಲಿ ಇದ್ದದ್ದು ಏಳು ಬಗೆ. ಆಮೇಲೆ ಅವು ಹತ್ತಾದವು. ಹಾಗೆ ಸೇರಿಕೊಂಡದ್ದರಲ್ಲಿ ಒಂದು, ಮಗುವಿನ ಮನಸ್ಸನ್ನು ನಿರ್ಲಕ್ಷಿಸುವುದು. ಅದನ್ನು ಎರಡು ಸಲ ಓದಿದೆ. ತಿಳಿದವರ ಪಟ್ಟಿಗೇ ಅದು ತಡವಾಗಿ ಬಂತು. ನನಗೆ ತಡವಾಗಿದ್ದರಲ್ಲಿ ಏನಾಶ್ಚರ್ಯ, ಅಲ್ವಾ? ಆ ಪಟ್ಟಿ ಹಿಡಿದು ನನಗೆ ನಾನೇ ಕಾಯಿಲೆ ಹೆಸರಿಡಬಾರದು, ಅದು ತುಂಬಾ ಜನರನ್ನು ಒಟ್ಟಾಗಿ ಅಧ್ಯಯನ ಮಾಡಲು ಮಾಡಿಕೊಂಡದ್ದು ಅಂತ ಕೌನ್ಸೆಲರ್ ಎಚ್ಚರಿಸಿದರು. ಅದನ್ನೂ ಇಲ್ಲಿ ಹೇಳಲೇಬೇಕು.

ಮನಸ್ಸಿಗೆ ಬಿದ್ದ ಇಂಥ ಪೆಟ್ಟಿಗೆ ಹೇಳುವ ಟ್ರಾಮಾ ಅನ್ನುವ ಪದ ಬಂದದ್ದು ಗ್ರೀಕ್ ಭಾಷೆಯಿಂದ. ಅರ್ಥ ಗಾಯ. ಗಾಯ ಅಂದಾಗ ಪಟ್ಟನೆ ಅರ್ಥವಾಯಿತು. ನಮ್ಮಲ್ಲಿ "ಮಾತು ಬಿಟ್ಟರು" ಅನ್ನುವುದು ಎಷ್ಟು ಸಲೀಸಾದ ಮಾತು. ಗೆಳತಿಯರು ಎರಡು ದಿನ ಟೂ ಬಿಟ್ಟರೂ ಅದೇ ಮಾತು, ಮನೆಯ ದೊಡ್ಡವರು ತಿಂಗಳುಗಟ್ಟಲೆ ಮುಖ ತಿರುಗಿಸಿದರೂ ಅದೇ ಮಾತು. ಹಾಗಾಗಿಯೇ ಇರಬೇಕು, ಇಷ್ಟು ವರ್ಷ ನನಗೆ ಅದೊಂದು ಗಾಯ ಅಂತ ಕಾಣಲೇ ಇಲ್ಲ.

ಅಪ್ಪನ ಜೊತೆ ಈ ಬಗ್ಗೆ ಮಾತಾಡಿಲ್ಲ. ಮುಂದೆ ಮಾತಾಡುತ್ತೀನೋ ಇಲ್ಲವೋ ಹೇಳಲಾರೆ. ವಾರಕ್ಕೊಮ್ಮೆ ಫೋನ್ ಮಾಡಿ ಎಲ್ಲರ ಆರೋಗ್ಯ ವಿಚಾರಿಸುತ್ತಾರೆ. ಅವರ ಮೇಲೆ ಪ್ರೀತಿ ಇದೆ, ಸಿಟ್ಟೂ ಇದೆ. ಎರಡೂ ಒಟ್ಟಿಗೆ ಇರಬಹುದು ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ಸೆಷನ್ ಬೇಕಾಯಿತು. ಅವರು ತಪ್ಪು ಒಪ್ಪಿಕೊಳ್ಳಲಿ ಅಂತ ನನ್ನ ವಾಸಿಯಾಗುವಿಕೆ ಕಾಯಬೇಕಾಗಿಲ್ಲ ಅಂದರು ಕೌನ್ಸೆಲರ್. ಇದು ಇನ್ನೂ ಪೂರ್ತಿ ನನ್ನೊಳಗೆ ಇಳಿದಿಲ್ಲ.

"ಸರಿ" ಅಂತ ಮೆಸೇಜು ಬಂದಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆಗ ಎರಡೂ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುತ್ತೇನೆ. ಕೆಲವು ಸಲ ಅದರಿಂದ ಶಾಂತವಾಗುತ್ತದೆ, ಕೆಲವು ಸಲ ಇಲ್ಲ.

ಹೋದ ವಾರ ಮಗಳ ಮೇಲೆ ಮತ್ತೆ ಸಿಟ್ಟು ಬಂತು. ಈ ಸಲ ಅವಳ ಎದುರು ಮಂಡಿಯೂರಿ ಕೂತು ಹೇಳಿದೆ. "ನಂಗೆ ಕೋಪ ಬಂದಿದೆ. ಹತ್ತು ನಿಮಿಷ ಒಬ್ಬಳೇ ಇರ್ತೀನಿ. ಆಮೇಲೆ ನಾನೇ ಬಂದು ಮಾತಾಡ್ತೀನಿ. ನೀನೇನೂ ಬರೆಯೋದು ಬೇಡ." ಬಾಗಿಲು ಪೂರ್ತಿ ಹಾಕಲಿಲ್ಲ. ಹೊರಗೆ ಬಂದಾಗ ಅವಳು ಗೋಡೆ ಗಡಿಯಾರದ ಕೆಳಗೆ ಕಾಲು ಚಾಚಿಕೊಂಡು ಕೂತು ಬಣ್ಣ ಹಚ್ಚುತ್ತಿದ್ದಳು. ತಲೆ ಎತ್ತಿ ಗಡಿಯಾರ ನೋಡಿದಳು.

"ಅಮ್ಮ, ಇನ್ನೂ ಎರಡು ನಿಮಿಷ ಇದೆ" ಅಂದಳು.