ಫೈರ್‌ವಾಲ್ ಆಟೊಮೇಶನ್: ರೂಲ್ ತೆಗೆಯುವ ಕೆಲಸದಿಂದ ಶುರು ಮಾಡಿ

ನೆಟ್‌ವರ್ಕ್‌ನಲ್ಲಿ ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ನೋಡುವುದು ಫೈರ್‌ವಾಲ್; ಅದಕ್ಕೆ ಕೊಡುವ ಒಂದೊಂದು ಸೂಚನೆಯೇ ರೂಲ್. ಫೈರ್‌ವಾಲ್‌ಗೆ ರೂಲ್ ಹಾಕಿ ಅಂತ ನಮ್ಮ ತಂಡಕ್ಕೆ ದಿನಾ ಟಿಕೆಟ್ (ಕೋರಿಕೆ) ಬರುತ್ತದೆ. ಹಾಕಿದ್ದನ್ನು ತೆಗೆಯಿರಿ ಅಂತ ಕೇಳುವವರು ಬಹಳ ಕಡಿಮೆ. ಪ್ರಾಜೆಕ್ಟ್ ಮುಗಿಯುತ್ತದೆ, ಸರ್ವರ್ ಬಂದ್ ಆಗುತ್ತದೆ, ಕೇಳಿದವರು ಬೇರೆ ಕಡೆ ಹೋಗುತ್ತಾರೆ. ರೂಲ್ ಅಲ್ಲೇ ಉಳಿಯುತ್ತದೆ. ಮುಂದೆ ಅದೇ ಐಪಿ ವಿಳಾಸ ಹೊಸ ಸರ್ವರ್‌ಗೆ ಸಿಕ್ಕರೆ, ಯಾರೂ ಕೇಳದ ಅನುಮತಿಯೂ ಜೊತೆಗೇ ಸಿಗುತ್ತದೆ.

ಹಾಗಾಗಿ ಆಟೊಮೇಶನ್ ಮಾತು ಬಂದಾಗ ನಾನು ಒಂದೇ ವಿಷಯಕ್ಕೆ ಹಟ ಹಿಡಿದೆ. ರೂಲ್ ಬೇಗ ಹಾಕುವ ಸ್ಕ್ರಿಪ್ಟ್ ಆಮೇಲೆ ಬರೆಯೋಣ. ಮೊದಲು ಪ್ರತಿ ರೂಲ್ ಯಾರದ್ದು, ಯಾಕೆ ಬೇಕು, ಎಲ್ಲಿಯವರೆಗೆ ಬೇಕು ಅನ್ನುವುದು ಅದರ ಜೊತೆಯಲ್ಲೇ ಇರಲಿ. ಇದಿಲ್ಲದೆ ಸುಮ್ನೆ ವೇಗ ಹೆಚ್ಚಿಸಿದರೆ ಕಸ ಇನ್ನೂ ಬೇಗ ತುಂಬುತ್ತದೆ, ಅಲ್ವಾ?

ಈಗ ನಮ್ಮ ರೂಲ್‌ಗಳೆಲ್ಲ ಯಾಮಲ್ (ಸರಳ ಪಠ್ಯದ) ಫೈಲ್‌ಗಳಾಗಿ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿವೆ. ಬದಲಾವಣೆ ಬೇಕಾದವರು ಫೈಲ್ ತಿದ್ದಿ ಕಳಿಸುತ್ತಾರೆ. ನಾವು ನೋಡುವ ಮೊದಲೇ ಪರೀಕ್ಷೆಗಳು ಓಡುತ್ತವೆ. ಯಾರ ರೂಲ್ ಅಂತ ಬರೆದಿಲ್ಲದಿದ್ದರೆ ವಾಪಸ್. ಇಂಟರ್ನೆಟ್ ಕಡೆಯಿಂದ 22, 3389 (ಎರಡೂ ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಅಥವಾ 445 (ವಿಂಡೋಸ್ ಫೈಲ್ ಹಂಚಿಕೆಯ ದಾರಿ) ಪೋರ್ಟ್ ತೆರೆಯಲು ಕೇಳಿದರೂ ವಾಪಸ್. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ 2017ರಲ್ಲಿ ಹರಡಿದ್ದು ಈ 445ರ ಮೂಲಕವೇ. ಎಷ್ಟೇ ಅವಸರ ಇದ್ದರೂ ಈ ಪರೀಕ್ಷೆಯನ್ನು ನಾನು ಸಡಿಲಿಸುವುದಿಲ್ಲ.

ಆದರೆ ಎಲ್ಲಕ್ಕಿಂತ ಜಾಸ್ತಿ ಉಪಯೋಗ ಆಗಿರುವುದು ಇನ್ನೊಂದು ಪರೀಕ್ಷೆಯಿಂದ. ಹೆಚ್ಚಿನ ಫೈರ್‌ವಾಲ್‌ಗಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತವೆ, ಹೊಂದುವ ಮೊದಲ ರೂಲ್ ಸಿಕ್ಕ ಕೂಡಲೇ ನಿಲ್ಲುತ್ತವೆ. ಮೇಲೆ 10.0.0.0/8ಕ್ಕೆ (10ರಿಂದ ಶುರುವಾಗುವ ಎಲ್ಲ ಐಪಿ ವಿಳಾಸಗಳಿಗೆ) ಪೂರ್ತಿ ಅನುಮತಿ ಕೊಟ್ಟು, ಕೆಳಗೆ ಅದರೊಳಗಿನದೇ ಚಿಕ್ಕ ಗುಂಪು 10.20.5.0/24ನ್ನು ತಡೆಯುವ ರೂಲ್ ಬರೆದರೆ ಆ ತಡೆ ಎಂದೂ ಕೆಲಸ ಮಾಡುವುದಿಲ್ಲ. ಪಟ್ಟಿ ಓದಿದವರಿಗೆ ತಡೆ ಇದೆ ಅನಿಸುತ್ತದೆ, ಟ್ರಾಫಿಕ್ ಮಾತ್ರ ಆರಾಮಾಗಿ ಹೋಗುತ್ತಿರುತ್ತದೆ. ಉದ್ದ ಪಟ್ಟಿಯಲ್ಲಿ ಇದನ್ನು ಬರೀ ಕಣ್ಣಿಂದ ಹಿಡಿಯುವುದು ಆಗದ ಮಾತು. ಬ್ಯಾಟ್‌ಫಿಶ್ ಅನ್ನುವ ಓಪನ್ ಸೋರ್ಸ್ ಟೂಲ್ ಬರೀ ಕಾನ್ಫಿಗರೇಶನ್ ಫೈಲ್ ಓದಿ, ಫೈರ್‌ವಾಲ್ ಮುಟ್ಟದೆಯೇ, ಇಂಥ ಸಾಲುಗಳನ್ನು ಹುಡುಕಿ ಕೊಡುತ್ತದೆ.

ಇನ್ನು ತೆಗೆಯುವ ಕೆಲಸ. ಹಿಟ್ ಕೌಂಟ್ (ರೂಲ್‌ಗೆ ಎಷ್ಟು ಸಲ ಟ್ರಾಫಿಕ್ ಹೊಂದಿತು ಅನ್ನುವ ಎಣಿಕೆ) ಒಂದನ್ನೇ ನಂಬಬೇಡಿ. ತಿಂಗಳುಗಟ್ಟಲೆ ಸೊನ್ನೆ ಇರುವ ರೂಲ್ ವರ್ಷದ ಕೊನೆಗೆ ಒಮ್ಮೆ ಓಡುವ ಲೆಕ್ಕದ ಜಾಬ್‌ಗೆ ಬೇಕಾಗಿರಬಹುದು. ಮುಖ್ಯ ಸೈಟ್ ಬಿದ್ದಾಗ ಮಾತ್ರ ಬಳಸುವ ಬ್ಯಾಕಪ್ ದಾರಿಯದ್ದೂ ಆಗಿರಬಹುದು. ನಮ್ಮಲ್ಲಿ ಅವಧಿ ಮುಗಿಯುವ ಮೊದಲು ರೂಲ್ ಕೇಳಿದ ತಂಡಕ್ಕೆ ತಾನಾಗಿ ಟಿಕೆಟ್ ಹೋಗುತ್ತದೆ. ಉತ್ತರ ಬರದಿದ್ದರೆ ರೂಲ್ ಅಳಿಸುವುದಿಲ್ಲ, ಡಿಸೇಬಲ್ ಮಾಡುತ್ತೇವೆ. ಯಾರಿಗಾದರೂ ಅದು ಬೇಕಿದ್ದರೆ, ಪಟ್ಟಿಯ ಕೊನೆಯಲ್ಲಿ ಉಳಿದದ್ದನ್ನೆಲ್ಲ ತಡೆಯುವ ರೂಲ್‌ನ ಲಾಗ್‌ನಲ್ಲಿ ಅವರ ಟ್ರಾಫಿಕ್ ಕಾಣುತ್ತದೆ. ಕಾಯ್ದು ನೋಡಿ ಆಮೇಲೆ ಅಳಿಸುತ್ತೇವೆ, ಅದೂ ಒಬ್ಬರು ಒಪ್ಪಿದ ಮೇಲೆ. ಕಾರ್ಡ್ ಪಾವತಿಯ ನೆಟ್‌ವರ್ಕ್‌ಗೆ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ಮಾನದಂಡ ಕನಿಷ್ಠ 6 ತಿಂಗಳಿಗೊಮ್ಮೆ ರೂಲ್‌ಗಳನ್ನು ಪರಿಶೀಲಿಸಲು ಹೇಳುತ್ತದೆ. ಆ ಕೆಲಸವೂ ಇದರಿಂದ ಹಗುರಾಗಿದೆ.

ರಾತ್ರಿ ತುರ್ತು ಬಂದಾಗ ಯಾರಾದರೂ ನೇರವಾಗಿ ಫೈರ್‌ವಾಲ್‌ನಲ್ಲೇ ರೂಲ್ ಬದಲಿಸುತ್ತಾರೆ. ಬದಲಿಸಲೇಬೇಕು, ತಪ್ಪೇನಿಲ್ಲ. ಗಿಟ್‌ನಲ್ಲಿರುವುದಕ್ಕೂ ಫೈರ್‌ವಾಲ್‌ನಲ್ಲಿರುವುದಕ್ಕೂ ವ್ಯತ್ಯಾಸ ಕಂಡರೆ ನಮ್ಮ ಸ್ಕ್ರಿಪ್ಟ್ ತಿಳಿಸುತ್ತದೆ ಅಷ್ಟೇ, ತಾನಾಗಿ ಹಳೆಯದನ್ನು ವಾಪಸ್ ಹಾಕುವುದಿಲ್ಲ. ಹಾಕಿದರೆ ಕಷ್ಟಪಟ್ಟು ಸರಿಮಾಡಿದ್ದು ಬೆಳಗ್ಗೆ ಮತ್ತೆ ಕೆಡುತ್ತದೆ. ದೂರದ ಸೈಟ್‌ಗೆ ಬದಲಾವಣೆ ಕಳಿಸುವಾಗ, ಜುನಿಪರ್ ಕಂಪನಿಯ ಸಾಧನವಿದ್ದರೆ ಕಮಿಟ್ ಕನ್ಫರ್ಮ್ಡ್ ಅನ್ನುವ ಕಮಾಂಡ್ ಬಳಸಿ. 10 ನಿಮಿಷದೊಳಗೆ ನೀವು ಮತ್ತೆ ಖಚಿತಪಡಿಸದಿದ್ದರೆ ಅದು ಹಿಂದಿನ ಕಾನ್ಫಿಗರೇಶನ್‌ಗೆ ಮರಳುತ್ತದೆ. ನಿಮ್ಮ ಸಂಪರ್ಕವೇ ಕಡಿದುಹೋದರೂ ಸೈಟ್ ತಾನಾಗಿ ಮೇಲೆ ಬರುತ್ತದೆ.