ಬಾಯಾರಿನ ಸುರಂಗ, ತ್ರಿಶಂಕುವಿನ ಪಕ್ಕದ ಕೆಂಪು ಕುಬ್ಜ

ಕಾಸರಗೋಡು ಜಿಲ್ಲೆಯ ಹೊಸಂಗಡಿಯಲ್ಲಿ ಹೆದ್ದಾರಿ ಬಿಟ್ಟು ಮೀಯಪದವು ಕಡೆಗೆ ತಿರುಗಿದರೆ ಕಡಲ ಗಾಳಿ ಹಿಂದೆಯೇ ಉಳಿಯುತ್ತದೆ. ಅಡಿಕೆ ತೋಟಗಳ ನಡುವೆ ಇಳಿಯುತ್ತ ಹತ್ತುತ್ತ ಹೋಗುವ ದಾರಿ. ಮೇಲೆ ಬಂದರೆ ಪದವು. ಮುರಕಲ್ಲಿನ ಸಪಾಟು ನೆಲ, ಒಣಗಿದ ಮುಳಿಹುಲ್ಲು, ಅಲ್ಲೊಂದು ಇಲ್ಲೊಂದು ಗೇರುಮರ. ಏಪ್ರಿಲ್ ಕೊನೆಯ ಬಿಸಿಲಿಗೆ ಚಪ್ಪಲಿ ಹಾಕಿದ ಕಾಲೂ ಸುಡುತ್ತಿತ್ತು.

ಇಲ್ಲಿಯ ಸೋಲಾರ್ ಪಾರ್ಕನ್ನು ನೋಡಬೇಕೆಂದು ಬಹಳ ದಿನದಿಂದ ಆಸೆಯಿತ್ತು. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕರೆಯಲ್ಲಿ ಅದು ಹಬ್ಬಿದೆ. ಸಾಮರ್ಥ್ಯ 50 ಮೆಗಾವ್ಯಾಟ್. ಉದ್ಘಾಟನೆಯಾದದ್ದು 2021ರ ಫೆಬ್ರವರಿಯಲ್ಲಿ. ಬಾಯಾರಿನಲ್ಲಿರುವ ನನ್ನ ಮಾವನೂ ಜೊತೆಗೆ ಬಂದಿದ್ದರು. ಬೇಲಿಯ ಹೊರಗೆ ನಿಂತು ನೋಡಿದೆವು. ಹತ್ತಿರದ ಸಾಲಿನ ಪ್ಯಾನೆಲ್‌ಗಳ ಕೆಳ ಅಂಚಿನಲ್ಲಿ ಕೆಂಪು ಧೂಳು ಬೆರಳಗಲ ಕೂತಿತ್ತು. ಅದರ ಮೇಲೆ ಕಪ್ಪು ನೀಲಿ ಗಾಜು, ಗಾಜಿನಲ್ಲಿ ಇಡೀ ಆಕಾಶ.

ಮಾವ ತುಂಬ ಹೊತ್ತು ಸುಮ್ನೆ ನೋಡಿ, "ಇಷ್ಟೆಲ್ಲ ಉಂಟು. ರಾತ್ರಿಗೆ ಎಂತ ಮಾಡುವುದು?" ಅಂದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ದಿನದ ರಾತ್ರಿಗೆ ಬ್ಯಾಟರಿ ಸಾಕು. ಆದರೆ ಸೂರ್ಯನೇ ಮುಗಿದ ಮೇಲೆ? ಅವನಿಗೆ ಇನ್ನು ಸುಮಾರು 500 ಕೋಟಿ ವರ್ಷ ಆಯುಷ್ಯವಿದೆ. ಅಲ್ಲಿಯವರೆಗೂ ಅವನ ಬೆಳಕಿನಲ್ಲಿ ಭೂಮಿಗೆ ಸಿಗುವುದು 220 ಕೋಟಿಯಲ್ಲಿ ಒಂದು ಪಾಲು ಮಾತ್ರ. ಮಿಕ್ಕಿದ್ದೆಲ್ಲ ಖಾಲಿ ಆಕಾಶಕ್ಕೆ ಹೋಗುತ್ತದೆ.

ಮಧ್ಯಾಹ್ನ ಊಟ ಮುಗಿಸಿ ಮಾವ ತಮ್ಮ ಸುರಂಗಕ್ಕೆ ಕರೆದುಕೊಂಡು ಹೋದರು. ಈ ಸೀಮೆಯಲ್ಲಿ ಬಾವಿ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತಾರೆ. ಒಬ್ಬ ಮನುಷ್ಯ ನುಸುಳುವಷ್ಟು ಅಗಲ, ತಲೆ ತಗ್ಗಿಸಿ ನಡೆಯುವಷ್ಟು ಎತ್ತರ. ಗೋಡೆಯಲ್ಲಿ ಪಿಕ್ಕಾಸಿನ ಏಟುಗಳು ಇನ್ನೂ ಹಾಗೇ ಇವೆ. ಹತ್ತು ಹೆಜ್ಜೆ ಒಳಗೆ ಹೋದರೆ ತಂಪು. ಒಂದು ಬಾವಲಿ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಮೊಬೈಲ್ ಬೆಳಕು ಹಿಡಿದಾಗ ಮುರಕಲ್ಲಿನ ತೂತು ತೂತಿನಲ್ಲಿ ನೀರಿನ ಹನಿ. ಅದು ಉಬ್ಬುತ್ತದೆ, ನಿಲ್ಲುತ್ತದೆ, ಬೀಳುತ್ತದೆ. ಬಿದ್ದ ನೀರು ಮಣ್ಣಿನ ಸಣ್ಣ ಕಟ್ಟದ ಹಿಂದೆ ನಿಂತು ಪೈಪಿನಲ್ಲಿ ಹೊರಗೆ ಹರಿಯುತ್ತದೆ. ಮೊದಲೆಲ್ಲ ಪೈಪಿನ ಬದಲು ಅಡಿಕೆ ದಂಬೆ ಇತ್ತಂತೆ. ಪಂಪಿಲ್ಲ, ಕರೆಂಟಿಲ್ಲ. ಒಂದು ಕೊಡಪಾನ ತುಂಬುವಷ್ಟರಲ್ಲಿ ಮಾವ ಎಲೆಅಡಿಕೆ ಹಾಕಿ ಮುಗಿಸಿದ್ದರು.

"ಕೆಳಗಿನ ಬಾವಿ ಮಾರ್ಚಿಗೇ ಬತ್ತಿತು. ಇದು ನನ್ನ ಅಜ್ಜ ತೋಡಿಸಿದ್ದು, ಇವತ್ತಿನವರೆಗೆ ನಿಂತದ್ದಿಲ್ಲ" ಅಂದರು.

ಕೆಂಪು ಕುಬ್ಜ ಅಂದರೆ ಸೂರ್ಯನಿಗಿಂತ ಸಣ್ಣ, ಮಂದ ನಕ್ಷತ್ರ. ಸ್ವಲ್ಪ ಸ್ವಲ್ಪವೇ ಕೊಡುತ್ತ ಬಹಳ ಕಾಲ ಬಾಳುವ ಅದನ್ನು ಮಾವನಿಗೆ ವಿವರಿಸಲು ನನಗೆ ಈ ಸುರಂಗವೇ ಸಾಕಾಯಿತು.

ರಾತ್ರಿ ಮನೆ ಹಿಂದಿನ ಪದವಿನಲ್ಲಿ ಚಾಪೆ ಹಾಸಿದೆವು. ದಕ್ಷಿಣದ ಅಂಚಿನಲ್ಲಿ ತ್ರಿಶಂಕು ನಕ್ಷತ್ರಪುಂಜ ಎದ್ದಿತ್ತು. ಅದರ ಎಡಕ್ಕೆ ಕೆಳಗೆ ಎರಡು ಹೊಳೆಯುವ ನಕ್ಷತ್ರ. ಕೆಳಗಿನದ್ದು ಆಲ್ಫಾ ಸೆಂಟಾರಿ. ಕಾಸರಗೋಡಿನಿಂದ ಅದು ಸಲೀಸಾಗಿ ಕಾಣುತ್ತದೆ, ದಿಲ್ಲಿಯವರಿಗೆ ಈ ಭಾಗ್ಯವಿಲ್ಲ. ಅದರ ಹತ್ತಿರವೇ ಇದೆ ಪ್ರಾಕ್ಸಿಮಾ, 4.24 ಜ್ಯೋತಿರ್ವರ್ಷ ದೂರದಲ್ಲಿ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ. ಆದರೂ ಬರಿಗಣ್ಣಿಗೆ ಕಾಣುವುದಿಲ್ಲ. 1915ರಲ್ಲಿ ಖಗೋಳಶಾಸ್ತ್ರಜ್ಞ ರಾಬರ್ಟ್ ಇನ್ನಿಸ್ ಜೊಹಾನ್ಸ್‌ಬರ್ಗಿನಿಂದ ಅದನ್ನು ಪತ್ತೆ ಮಾಡುವವರೆಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಆಕಾಶಗಂಗೆಯ ನಾಲ್ಕರಲ್ಲಿ ಮೂರು ಪಾಲು ನಕ್ಷತ್ರಗಳು ಇಂಥ ಕೆಂಪು ಕುಬ್ಜಗಳೇ. ಬರಿಗಣ್ಣಿಗೆ ಒಂದೂ ಸಿಗದು.

ಸೂರ್ಯ ತನ್ನ ನಡುವಿನ ಹೈಡ್ರೋಜನ್ ಮಾತ್ರ ಉರಿಸುತ್ತಾನೆ, ಹೊರಗಿನದ್ದು ಅವನಿಗೆ ದಕ್ಕುವುದಿಲ್ಲ. ಸಣ್ಣ ಕೆಂಪು ಕುಬ್ಜಗಳ ಒಳಗೆಲ್ಲ ಕುದಿತ. ಮೇಲಿನದ್ದು ಕೆಳಗಿಳಿದು, ಕೆಳಗಿನದ್ದು ಮೇಲೇರಿ ಹೆಚ್ಚುಕಡಿಮೆ ಎಲ್ಲ ಇಂಧನವೂ ಬಳಕೆಯಾಗುತ್ತದೆ. ಅದೂ ಬಹಳ ನಿಧಾನವಾಗಿ. ಹಾಗಾಗಿ ಪ್ರಾಕ್ಸಿಮಾ ಸುಮಾರು 4 ಲಕ್ಷ ಕೋಟಿ ವರ್ಷ ಬಾಳುತ್ತದೆ. ವಿಶ್ವಕ್ಕೇ ಈಗ 1,380 ಕೋಟಿ ವರ್ಷ. ಅಂದರೆ ಇಲ್ಲಿಯವರೆಗೆ ಒಂದೇ ಒಂದು ಕೆಂಪು ಕುಬ್ಜವೂ ಮುದಿಯಾಗಿ ಸತ್ತಿಲ್ಲ.

"ಅಷ್ಟು ಮಂದ ಬೆಳಕಿನಲ್ಲಿ ಎಂತ ಸಿಕ್ಕುತ್ತದೆ?" ಮಾವ ಕೇಳಿದರು.

ಮಂದವೇ ಹೌದು, ಸೂರ್ಯನ ಆರುನೂರರಲ್ಲಿ ಒಂದು ಪಾಲು. ಆದರೂ ಇಡೀ ಜಗತ್ತು ಇವತ್ತು ಬಳಸುವ ಶಕ್ತಿಯ ಸುಮಾರು 3,000 ಕೋಟಿ ಪಟ್ಟು! ಹಿಡಿಯುವ ದಾರಿಯನ್ನು 1960ರಲ್ಲೇ ಭೌತವಿಜ್ಞಾನಿ ಫ್ರೀಮನ್ ಡೈಸನ್ ಯೋಚಿಸಿದ್ದರು: ನಕ್ಷತ್ರದ ಸುತ್ತ ಬೆಳಕು ಹಿಡಿಯುವ ಅಸಂಖ್ಯ ಹಲಗೆಗಳು, ಪ್ರತಿಯೊಂದೂ ತನ್ನದೇ ಕಕ್ಷೆಯಲ್ಲಿ. ಪ್ರಾಕ್ಸಿಮಾದಿಂದ ಸುಮಾರು 60 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತರೆ ಭೂಮಿಗೆ ಬೀಳುವಷ್ಟೇ ಶಕ್ತಿ ಸಿಗುತ್ತದೆ. 2024ರ ಡಿಸೆಂಬರಿನಲ್ಲಿ ನಾಸಾದ ಪಾರ್ಕರ್ ನೌಕೆ ಸೂರ್ಯನ ಮೇಲ್ಮೈಗೆ ಹೆಚ್ಚುಕಡಿಮೆ ಇಷ್ಟೇ ಹತ್ತಿರ ಹೋಗಿ ಬಂತು. ಅಲ್ಲಿ ಅದಕ್ಕೆ ದಪ್ಪ ಶಾಖಕವಚ ಬೇಕಾಯಿತು. ಪ್ರಾಕ್ಸಿಮಾದ ಬಳಿಯಾದರೆ ಅದು ಚಿಪ್ಪಾರಿನ ಬಿಸಿಲಷ್ಟೇ.

ಚಿಪ್ಪಾರಿನ ಪ್ಯಾನೆಲ್‌ಗಳನ್ನೇ ಅಲ್ಲಿಗೆ ಒಯ್ದರೆ ಮಾತ್ರ ನಡೆಯದು. ಸಿಲಿಕಾನ್‌ಗೆ 1,100 ನ್ಯಾನೋಮೀಟರ್‌ನ ಆಚೆಗಿನ ಬೆಳಕು ದಕ್ಕುವುದಿಲ್ಲ. ಪ್ರಾಕ್ಸಿಮಾದ ಬೆಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದರಾಚೆಯದ್ದು. ಜರ್ಮೇನಿಯಂನಂಥದ್ದು ಬೇಕು. ಇನ್ನೊಂದು ಭಯ ಜ್ವಾಲೆಗಳದ್ದು. 2019ರ ಮೇ 1ರಂದು ಪ್ರಾಕ್ಸಿಮಾ ಕೆಲವೇ ಸೆಕೆಂಡುಗಳಲ್ಲಿ ನೇರಳಾತೀತದಲ್ಲಿ 14,000 ಪಟ್ಟು ಪ್ರಖರವಾಯಿತು. ಅಂಥ ಏಟು ತಿಂದೂ ಉಳಿಯುವ ಹಲಗೆ, ಅದನ್ನು ರಿಪೇರಿ ಮಾಡುತ್ತಲೇ ಇರುವ ಜನ, ಇವೆರಡೂ ಇಲ್ಲದೆ ಲಕ್ಷ ಕೋಟಿ ವರ್ಷದ ಮಾತೇ ಬರುವುದಿಲ್ಲ. ನನಗೆ ಇದರಲ್ಲಿ ಕಷ್ಟವೆನಿಸುವುದು ಜನರದ್ದೇ. ಮಾವನ ಸುರಂಗದ ಹೂಳನ್ನೂ ಪ್ರತಿ ವರ್ಷ ಯಾರಾದರೂ ತೆಗೆಯಬೇಕು. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಬೇರೆ ಲೋಕದವರು ಯಾರಾದರೂ ಈಗಾಗಲೇ ಹೀಗೆ ಮಾಡಿದ್ದರೆ ಗೊತ್ತಾಗುವುದು ಬಿಸಿಯಿಂದ. ಬಳಸಿದ ಶಕ್ತಿ ಕೊನೆಗೆ ಅವಕೆಂಪು ಕಿರಣವಾಗಿ ಹೊರಬರಲೇಬೇಕು. 2024ರಲ್ಲಿ, ಇಂಥ ಬಿಸಿಯನ್ನೇ ಹುಡುಕುವ ಹೆಫೈಸ್ಟೋಸ್ ಯೋಜನೆಯವರು 50 ಲಕ್ಷ ನಕ್ಷತ್ರಗಳನ್ನು ಜಾಲಾಡಿ ಏಳನ್ನು ಆರಿಸಿದರು. ಏಳೂ ಕೆಂಪು ಕುಬ್ಜಗಳೇ. ಅವುಗಳಲ್ಲಿ ಮೂರರ ದಿಕ್ಕಿನಲ್ಲಿ ರೇಡಿಯೋ ಮೂಲಗಳು ಸಿಕ್ಕವು. ಆ ಬಿಸಿ ಹಿಂದಿರುವ ದೂಳು ತುಂಬಿದ ಗೆಲಾಕ್ಸಿಗಳದ್ದಿರಬೇಕು ಅಂತ ಬೇರೆ ಖಗೋಳಶಾಸ್ತ್ರಜ್ಞರು ಹೇಳಿದರು. ಮಾವನಿಗೆ ಇದು ಕೇಳಿ ಬೇಸರವಾಯಿತು. ನನಗೂ.

ಬೆಳಿಗ್ಗೆ ಪೊಸಡಿಗುಂಪೆ ಹತ್ತಿ ಬಂದೆವು. ಮೇಲಿನಿಂದ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟದ ಸಾಲು. ನೀವೂ ಹೋಗುವುದಾದರೆ ಧರ್ಮತ್ತಡ್ಕದಿಂದ ಹತ್ತಿರ. ಗುಂಪೆಯಲ್ಲಿ ನೆರಳಿಲ್ಲ, ನೀರು ಜೊತೆಗಿರಲಿ. ತ್ರಿಶಂಕು, ಆಲ್ಫಾ ಸೆಂಟಾರಿ ಎರಡನ್ನೂ ರಾತ್ರಿ ಊಟವಾದ ಮೇಲೆ ನೋಡಬೇಕಾದರೆ ಏಪ್ರಿಲ್ ಕೊನೆ, ಮೇ ತಿಂಗಳು ಒಳ್ಳೆಯದು. ಜೂನ್‌ನಲ್ಲಿ ಮಳೆ ಹಿಡಿದರೆ ಆಕಾಶ ಸಿಗುವುದಿಲ್ಲ, ಆದರೆ ಸುರಂಗ ತುಂಬಿ ಹರಿಯುವುದನ್ನು ನೋಡಬಹುದು.